ಮರಗೆಣಸಿನ ಬೆನ್ನು ಹತ್ತಿದ ಮಿಥುನ ವೈರಸ್

ಸಬ್ಬಕ್ಕಿ ಯಾವ ಗಿಡದ ಕಾಳು? ಮಕ್ಕಳು ಹೀಗೆ ಕೇಳಿದರೆ ಮನೆಯ ಹಿರಿಯರೂ ಒಂದು ಕ್ಷಣ ತಡವರಿಸುವುದುಂಟು. ಹೆಸರಿನಲ್ಲಿ ಅಕ್ಕಿ ಇದೆ, ನೋಡಲು ಕಾಳಿನಂತೆಯೂ ಇದೆ. ಆದರೆ ಅದು ಅಕ್ಕಿಯೂ ಅಲ್ಲ, ಕಾಳೂ ಅಲ್ಲ. ಮರಗೆಣಸಿನ ಗೆಡ್ಡೆಯನ್ನು ಅರೆದು, ಸೋಸಿ, ತಳದಲ್ಲಿ ನಿಂತ ಪಿಷ್ಟವನ್ನು ಮುತ್ತಿನಂತೆ ಉರುಳಿಸಿ ಒಣಗಿಸಿದರೆ ಸಬ್ಬಕ್ಕಿ ಸಿದ್ಧ. ನಮ್ಮ ಪಾಯಸಕ್ಕೂ ಸಂಡಿಗೆಗೂ ಬೀಳುವ ಸಬ್ಬಕ್ಕಿಯ ಬಹುಪಾಲು ತಮಿಳುನಾಡಿನ ಸೇಲಂ ಸುತ್ತಮುತ್ತಲಿನ ಕಾರ್ಖಾನೆಗಳಿಂದ ಬರುತ್ತದೆ.

ನಮಗೆ ಮರಗೆಣಸು ಹಬ್ಬಕ್ಕೋ ಉಪವಾಸಕ್ಕೋ ಬೇಕಾದ ಪದಾರ್ಥ. ಆದರೆ ಜಗತ್ತಿನ ಸುಮಾರು 80 ಕೋಟಿ ಜನರಿಗೆ ಅದು ದಿನನಿತ್ಯದ ಊಟ. ಆಫ್ರಿಕದ ಬಡ ರೈತನಿಗಂತೂ ಅದು ಆಪದ್ಬಂಧು. ಮಳೆ ಕೈಕೊಟ್ಟರೂ ಬದುಕುತ್ತದೆ, ಬಡ ನೆಲದಲ್ಲೂ ಬೆಳೆಯುತ್ತದೆ. ಗೆಡ್ಡೆಯನ್ನು ಒಮ್ಮೆಗೇ ಕೀಳಬೇಕೆಂದಿಲ್ಲ. ಹೊಲದಲ್ಲೇ ಬಿಟ್ಟು ಹಸಿವಾದಾಗ ಕಿತ್ತು ತಂದರಾಯಿತು. ಹೊಲವೇ ಕಣಜ!

ಈ ಕಣಜಕ್ಕೆ ನೂರು ವರ್ಷಕ್ಕೂ ಹಿಂದಿನಿಂದ ಕನ್ನ ಹಾಕುತ್ತ ಬಂದಿರುವುದು ಬರಿಗಣ್ಣಿಗೆ ಕಾಣದ ಒಂದು ವೈರಸ್ ಕುಟುಂಬ. ಅದು ಎಲ್ಲಿ ಹುಟ್ಟಿತು, ಹೇಗೆ ರೂಪ ಬದಲಿಸಿತು, ಒಂದು ಖಂಡದಿಂದ ಇನ್ನೊಂದಕ್ಕೆ ಹೇಗೆ ದಾಟಿತು ಎಂಬುದು ಪತ್ತೇದಾರಿ ಕಾದಂಬರಿಯಷ್ಟೇ ಕುತೂಹಲದ ಕಥೆ.

ಅತಿಥಿ ಗಿಡ, ಸ್ಥಳೀಯ ಶತ್ರು

ಮರಗೆಣಸು ಆಫ್ರಿಕದ ಗಿಡವಲ್ಲ. ಅದರ ತವರು ದಕ್ಷಿಣ ಅಮೆರಿಕ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಹಡಗಿನಲ್ಲಿ ಆಫ್ರಿಕದ ಪಶ್ಚಿಮ ಕರಾವಳಿಗೆ ತಂದರು. ಪೂರ್ವ ಕರಾವಳಿಗೂ ಅದು ಮುಂದೆ ಸಮುದ್ರ ಮಾರ್ಗವಾಗಿಯೇ ಬಂತು.

1894ರಲ್ಲಿ, ಇಂದಿನ ತಾಂಜಾನಿಯ ಪ್ರದೇಶದಲ್ಲಿ, ವಾರ್‌ಬರ್ಗ್ ಎಂಬ ಜರ್ಮನ್ ಸಸ್ಯವಿಜ್ಞಾನಿ ಮರಗೆಣಸಿನ ವಿಚಿತ್ರ ರೋಗವೊಂದನ್ನು ವರ್ಣಿಸಿದ. ಎಲೆಯ ಮೇಲೆ ಹಸಿರು-ಹಳದಿ ತೇಪೆಗಳು. ಎಲೆ ಮುದುಡಿ, ಸೊಟ್ಟಗಾಗಿ, ಕಿರಿದಾಗುತ್ತದೆ. ಗಿಡ ಕುಳ್ಳಾಗುತ್ತದೆ, ನೆಲದಡಿಯ ಗೆಡ್ಡೆ ದಪ್ಪವಾಗುವುದೇ ಇಲ್ಲ. ಹಸಿರು-ಹಳದಿ ಚೂರುಗಳನ್ನು ಜೋಡಿಸಿದಂತೆ ಕಾಣುವ ಈ ರೋಗಕ್ಕೆ ಮೊಸಾಯಿಕ್ ರೋಗವೆಂದು ಹೆಸರು. ನಮ್ಮ ರೈತರು ಇಂಥದ್ದನ್ನು ನಂಜುರೋಗ ಎನ್ನುತ್ತಾರೆ.

ಸ್ವಾರಸ್ಯವೆಂದರೆ, ಮರಗೆಣಸಿನ ತವರಾದ ದಕ್ಷಿಣ ಅಮೆರಿಕದಲ್ಲಿ ಈ ರೋಗ ಇಲ್ಲ. ಅಂದರೆ ಗಿಡ ಹಡಗು ಹತ್ತಿದಾಗ ವೈರಸ್ ಅದರೊಂದಿಗೆ ಬರಲಿಲ್ಲ. ವೈರಸ್ ಆಫ್ರಿಕದ ಕಾಡುಗಿಡಗಳಲ್ಲಿ ಮೊದಲೇ ವಾಸವಾಗಿತ್ತು. ಹೊಸ ಅತಿಥಿ ಬಂದಾಗ ಅದಕ್ಕೂ ದಾಟಿಕೊಂಡಿತು ಎಂಬುದು ವಿಜ್ಞಾನಿಗಳ ತೀರ್ಮಾನ. ಈ ಶತ್ರುವನ್ನು ಎಂದೂ ಕಂಡಿರದ ಮರಗೆಣಸಿಗೆ ಅದನ್ನು ಎದುರಿಸುವ ಕಲೆ ತಿಳಿದಿರಲಿಲ್ಲ.

ಒಂದೇ ಚಿಪ್ಪಿನ ಅವಳಿ

ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿನೊಣ. ಟೊಮೆಟೊ, ಬೆಂಡೆ, ಹತ್ತಿ ಬೆಳೆಯುವವರಿಗೆಲ್ಲ ಇದರ ಪರಿಚಯವಿದೆ. ಎಲೆಯ ಅಡಿಯಲ್ಲಿ ಕುಳಿತು ರಸ ಹೀರುವ, ಗಿಡ ಅಲುಗಿಸಿದರೆ ಬೂದಿ ಹಾರಿದಂತೆ ಏಳುವ ಪುಟ್ಟ ಕೀಟ. ರೋಗದ ಗಿಡದ ರಸದೊಂದಿಗೆ ವೈರಸ್ಸನ್ನೂ ಹೀರಿಕೊಂಡು ಮುಂದಿನ ಗಿಡಕ್ಕೆ ಚುಚ್ಚುತ್ತದೆ.

ವೈರಸ್ಸಿನ ಎರಡನೆಯ ವಾಹಕ ಮನುಷ್ಯ. ಮರಗೆಣಸನ್ನು ಬೀಜದಿಂದ ಬೆಳೆಯುವ ರೂಢಿ ಕಡಿಮೆ. ಕಬ್ಬಿನಂತೆ ಕಾಂಡವನ್ನು ತುಂಡು ಮಾಡಿ ನೆಡುತ್ತಾರೆ. ತಾಯಿಗಿಡದಲ್ಲಿ ನಂಜಿದ್ದರೆ ಪ್ರತಿ ತುಂಡಿನಲ್ಲೂ ನಂಜು. ಬಿಳಿನೊಣ ಸಾಮಾನ್ಯವಾಗಿ ಹೊಲದಿಂದ ಹೊಲಕ್ಕೆ ದಾಟಿದರೆ, ಕಂತೆ ಕಟ್ಟಿದ ಕಡ್ಡಿ ಲಾರಿಯಲ್ಲಿ ಕುಳಿತು ದೇಶದಿಂದ ದೇಶಕ್ಕೆ ಹೋಗುತ್ತದೆ.

1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಈ ವೈರಸ್ಸನ್ನು ನೋಡಿದವರಿಗೆ ಅಚ್ಚರಿ ಕಾದಿತ್ತು. ಎರಡು ಪುಟ್ಟ ಗುಂಡುಗಳನ್ನು ಅಂಟಿಸಿದಂಥ ಅವಳಿ ಆಕಾರ. ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅದರಲ್ಲಿ ಸುಮಾರು ಮೂರು ಭಾಗದಷ್ಟು ಉದ್ದ! ಮಿಥುನ ರಾಶಿಗೆ ಲ್ಯಾಟಿನ್ ಭಾಷೆಯಲ್ಲಿರುವ ಜೆಮಿನಿ ಎಂಬ ಹೆಸರನ್ನೇ ಬಳಸಿ ಈ ಕುಟುಂಬವನ್ನು ಜೆಮಿನಿವೈರಸ್ ಎಂದು ಕರೆದರು.

ಚಿಪ್ಪಿನೊಳಗಿರುವುದು ಡಿಎನ್‌ಎ ಬಳೆ. ಮರಗೆಣಸಿನ ವೈರಸ್ಸಿಗೆ ಇಂಥ ಎರಡು ಬಳೆಗಳು ಬೇಕು. ಎ ಬಳೆಯಲ್ಲಿ ತನ್ನ ನಕಲು ತೆಗೆಯುವ, ಚಿಪ್ಪು ಕಟ್ಟುವ ಸೂಚನೆಗಳಿವೆ. ಬಿ ಬಳೆಯಲ್ಲಿ ಗಿಡದೊಳಗೆ ಒಂದು ಜೀವಕೋಶದಿಂದ ಇನ್ನೊಂದಕ್ಕೆ ನುಗ್ಗುವ ಸೂಚನೆಗಳಿವೆ. ಒಂದೊಂದು ಬಳೆಯಲ್ಲಿ ಸುಮಾರು 2,750 ಅಕ್ಷರಗಳು. ಒಟ್ಟು ಎಂಟೇ ವಂಶವಾಹಿಗಳು. ಈ ಲೇಖನದ ಅಕ್ಷರಗಳನ್ನು ಎಣಿಸಿದರೆ ಅದಕ್ಕಿಂತ ಹೆಚ್ಚಾಗುತ್ತವೆ. ಇಷ್ಟು ಚಿಕ್ಕ ಬರಹ ಒಂದು ದೇಶದ ಊಟವನ್ನೇ ಕಸಿಯಬಲ್ಲದು!

ಓಲೆಗರಿಯ ಪಾಠಾಂತರ

ವೈರಸ್ಸಿನ ವೈವಿಧ್ಯ ಎಂದರೇನು? ಓಲೆಗರಿಯ ಕಾಲವನ್ನು ನೆನೆಸಿಕೊಳ್ಳಿ. ಲಿಪಿಕಾರನೊಬ್ಬ ಕಾವ್ಯವನ್ನು ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಿತ್ತು. ಆ ಪ್ರತಿಯಿಂದ ನಕಲು ಮಾಡಿದವನು ಹಳೆಯ ತಪ್ಪನ್ನೂ ಬರೆದು, ತನ್ನದೊಂದು ಹೊಸ ತಪ್ಪನ್ನೂ ಸೇರಿಸುತ್ತಿದ್ದ. ಇಂದು ವಿದ್ವಾಂಸರು ಆ ಪಾಠಾಂತರಗಳನ್ನು ಹೋಲಿಸಿ ಯಾವ ಪ್ರತಿ ಯಾವುದರಿಂದ ಇಳಿದದ್ದೆಂದು ಹೇಳಬಲ್ಲರು. ದೂರದ ಎರಡು ಊರುಗಳ ಪ್ರತಿಗಳಲ್ಲಿ ಒಂದೇ ಬಗೆಯ ಹಲವು ತಪ್ಪುಗಳಿದ್ದರೆ ಅವುಗಳ ಮೂಲ ಒಂದೇ ಎಂದರ್ಥ.

ವೈರಸ್ ವಿಜ್ಞಾನಿಯ ಕೆಲಸವೂ ಇದೇ. ಊರೂರು ಸುತ್ತಿ ರೋಗದ ಎಲೆ ತರುತ್ತಾನೆ. ಅದರೊಳಗಿನ ವೈರಸ್ಸಿನ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುತ್ತಾನೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾನೆ. 2015ರಿಂದ ಒಪ್ಪಿತವಾಗಿರುವ ನಿಯಮದಂತೆ, ಎ ಬಳೆಯ ಅಕ್ಷರಗಳಲ್ಲಿ ನೂರಕ್ಕೆ 91ರಷ್ಟು ಹೋಲಿಕೆ ಇಲ್ಲದಿದ್ದರೆ ಅದು ಬೇರೆಯೇ ಪ್ರಭೇದ. ಮರಗೆಣಸಿಗೆ ಮೊಸಾಯಿಕ್ ರೋಗ ತರುವ ವೈರಸ್ ಒಂದೇ ಎಂದು ಬಹುಕಾಲ ನಂಬಲಾಗಿತ್ತು. ಹೀಗೆ ಓದುತ್ತ ಹೋದಂತೆ ಆಫ್ರಿಕದಲ್ಲಿ ಒಂಬತ್ತು, ಭಾರತ-ಶ್ರೀಲಂಕಾಗಳಲ್ಲಿ ಎರಡು, ಹೀಗೆ ಹನ್ನೊಂದು ಪ್ರಭೇದಗಳು ಬೆಳಕಿಗೆ ಬಂದವು.

2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತಾಂಜಾನಿಯದ ವೈರಸ್‌ಗಳಲ್ಲಿ ಅಪಾರ ವೈವಿಧ್ಯವಿದೆಯೆಂದು ತೋರಿಸಿ, ಪೂರ್ವ ಆಫ್ರಿಕವೇ ಇವುಗಳ ವೈವಿಧ್ಯದ ಕೇಂದ್ರವೆಂದು ವಾದಿಸಿತು. ಪಾಠಾಂತರ ಹೆಚ್ಚಿರುವಲ್ಲಿ ಕಾವ್ಯ ಹೆಚ್ಚು ಕಾಲದಿಂದ ಬಳಕೆಯಲ್ಲಿದೆ ಎಂದು ಊಹಿಸುವಂತೆಯೇ ಇದು. ಮಡಗಾಸ್ಕರ್ ಮೊದಲಾದ ಹಿಂದೂ ಮಹಾಸಾಗರದ ದ್ವೀಪಗಳ ವೈರಸ್‌ಗಳನ್ನು ಓದಿದವರು, ಅವು ಆಫ್ರಿಕದ ನೆಲದಿಂದ ಒಂದಕ್ಕಿಂತ ಹೆಚ್ಚು ಬಾರಿ ಕಡಲು ದಾಟಿವೆಯೆಂದು 2012ರಲ್ಲಿ ತಿಳಿಸಿದರು.

ಲಿಪಿಕಾರ ಇನ್ನೊಂದು ಬಗೆಯ ಎಡವಟ್ಟನ್ನೂ ಮಾಡಬಲ್ಲ. ಅವನ ಮುಂದೆ ಎರಡು ಬೇರೆ ಬೇರೆ ಪ್ರತಿಗಳಿವೆ ಎನ್ನಿ. ಒಂದನ್ನು ನೋಡಿ ಅರ್ಧ ಬರೆದು, ಕಣ್ಣು ಜಾರಿ, ಉಳಿದರ್ಧವನ್ನು ಇನ್ನೊಂದರಿಂದ ಬರೆದರೆ? ಹುಟ್ಟುವುದು ಎರಡೂ ಅಲ್ಲದ ಹೊಸ ಪ್ರತಿ. ಒಂದೇ ಜೀವಕೋಶದೊಳಗೆ ಎರಡು ವೈರಸ್‌ಗಳು ಸೇರಿದಾಗ ಹೀಗೇ ಆಗುತ್ತದೆ. ಇದಕ್ಕೆ ಮರುಸಂಯೋಜನೆ ಎಂದು ಹೆಸರು. ಅಕ್ಷರ ದೋಷದಿಂದ ಬದಲಾವಣೆ ತೆವಳುತ್ತ ಬಂದರೆ, ಮರುಸಂಯೋಜನೆಯಿಂದ ಅದು ಹಾರಿ ಬರುತ್ತದೆ.

ಯುಗಾಂಡಾದ ಗೋಮುಖ ವ್ಯಾಘ್ರ

1988ರ ಸುಮಾರಿಗೆ ಯುಗಾಂಡಾದ ಲುವೆರೊ ಪ್ರದೇಶದಲ್ಲಿ ಮರಗೆಣಸಿನ ನಂಜು ಹಿಂದೆಂದೂ ಕಾಣದಷ್ಟು ಉಗ್ರವಾಗಿ ಕಾಣಿಸಿಕೊಂಡಿತು. ಹಿಂದೆ ರೋಗ ತಗಲಿದರೂ ಗಿಡ ಅಷ್ಟಿಷ್ಟು ಚೇತರಿಸಿಕೊಂಡು ಒಂದಿಷ್ಟು ಗೆಡ್ಡೆ ಕೊಡುತ್ತಿತ್ತು. ಈಗ ಹಾಗಲ್ಲ. ಬಿಳಿನೊಣಗಳ ದಂಡಿನೊಂದಿಗೆ ರೋಗ ವರ್ಷಕ್ಕೆ 20ರಿಂದ 30 ಕಿಲೋಮೀಟರ್ ವೇಗದಲ್ಲಿ ದಕ್ಷಿಣಕ್ಕೆ ಸರಿಯತೊಡಗಿತು. ಕಾಳ್ಗಿಚ್ಚು ಸಾಗುವಂತೆ ರೋಗಕ್ಕೊಂದು ಅಂಚು ಇತ್ತು. ಅಂಚಿನ ಮುಂದೆ ಹಸಿರು, ಹಿಂದೆ ಹಳದಿ.

ಪೂರ್ವದ ಟೆಸೊ ಪ್ರದೇಶದ ಪಾಡು ಕರುಣಾಜನಕ. ಬಂಡಾಯದಲ್ಲೂ ದನಗಳ್ಳರ ದಾಳಿಯಲ್ಲೂ ದನಕರುಗಳನ್ನು ಕಳೆದುಕೊಂಡಿದ್ದ ಆ ಜನಕ್ಕೆ ಉಳಿದಿದ್ದುದೇ ಮರಗೆಣಸು. ಅದರಲ್ಲೂ ಎಬ್ವನಟೆರಕ ಎಂಬ ಒಂದೇ ತಳಿಯನ್ನು ಎಲ್ಲೆಡೆ ಬೆಳೆಯುತ್ತಿದ್ದರು. ರೋಗಕ್ಕೆ ಅದು ಸ್ವಲ್ಪವೂ ತಡೆಯಲಿಲ್ಲ. ಹೊಲಗಳು ಪಾಳುಬಿದ್ದವು. ಆಹಾರದ ಕೊರತೆ ತಲೆದೋರಿತು, ಹಸಿವಿನ ಸಾವುಗಳೂ ಆದವು.

ಇಂಥ ಉಗ್ರರೂಪ ಎಲ್ಲಿಂದ ಬಂತು? ಅದುವರೆಗಿನ ತಿಳಿವಳಿಕೆಯಂತೆ ಆಫ್ರಿಕ ಮರಗೆಣಸಿನ ವೈರಸ್ ಖಂಡದ ಪಶ್ಚಿಮ ಹಾಗೂ ಮಧ್ಯ ಭಾಗಗಳಲ್ಲೂ, ಪೂರ್ವ ಆಫ್ರಿಕ ಮರಗೆಣಸಿನ ವೈರಸ್ ಪೂರ್ವ ಕರಾವಳಿಯ ದೇಶಗಳಲ್ಲೂ ಇದ್ದವು. ಯುಗಾಂಡಾದ ಎಲೆಗಳನ್ನು ಪ್ರತಿಕಾಯಗಳ ಪರೀಕ್ಷೆಗೆ ಒಡ್ಡಿದಾಗ ಬಂದ ಉತ್ತರ: ಇದು ಹಳೆಯ ಪಶ್ಚಿಮದ ವೈರಸ್ಸೇ! ಆ ಪರೀಕ್ಷೆ ನೋಡುವುದು ಚಿಪ್ಪನ್ನು ಮಾತ್ರ, ಒಳಗಿನ ಬರಹವನ್ನಲ್ಲ.

1997ರಲ್ಲಿ ವಿಜ್ಞಾನಿಗಳು ಒಳಗಿನ ಬರಹವನ್ನೇ ಓದಿದಾಗ ಗುಟ್ಟು ರಟ್ಟಾಯಿತು. ಎ ಬಳೆಯ ಬಹುಪಾಲು ಪೂರ್ವ ಆಫ್ರಿಕದ ವೈರಸ್ಸಿನದು. ಆದರೆ ಚಿಪ್ಪು ಕಟ್ಟುವ ವಂಶವಾಹಿಯ ನಡುವೆ ಸುಮಾರು 460 ಅಕ್ಷರಗಳು ಪಶ್ಚಿಮದ ವೈರಸ್ಸಿನಿಂದ ಕಿತ್ತು ತಂದು ಹೊಲಿದವು! ಎಂದೋ ಎಲ್ಲೋ ಎರಡೂ ವೈರಸ್‌ಗಳು ಒಂದೇ ಗಿಡದಲ್ಲಿ ಭೇಟಿಯಾಗಿದ್ದವು. ಹುಟ್ಟಿದ್ದು ಹಳೆಯ ಅಂಗಿ ತೊಟ್ಟ ಹೊಸ ಶತ್ರು, ಅಕ್ಷರಶಃ ಗೋಮುಖ ವ್ಯಾಘ್ರ.

ಇದು ಸಾಲದೆಂಬಂತೆ, ಹೊಸ ವೈರಸ್ ಹಳೆಯದನ್ನು ಓಡಿಸದೆ ಅದರೊಂದಿಗೆ ಕೈಜೋಡಿಸಿತು. ಅತಿ ಉಗ್ರವಾಗಿ ನರಳುತ್ತಿದ್ದ ಗಿಡಗಳಲ್ಲಿ ಎರಡೂ ವೈರಸ್‌ಗಳು ಒಟ್ಟಿಗೆ ಇದ್ದವು. ಗಿಡಕ್ಕೂ ತನ್ನದೇ ರಕ್ಷಣಾ ವ್ಯವಸ್ಥೆ ಉಂಟು. ವೈರಸ್ಸಿನ ಸಂದೇಶಗಳನ್ನು ಗುರುತಿಸಿ ಕತ್ತರಿಸಿ ಹಾಕುತ್ತದೆ. ಪಶ್ಚಿಮದ ವೈರಸ್ ಈ ವ್ಯವಸ್ಥೆಯನ್ನು ಒಂದು ಬಗೆಯಲ್ಲಿ ಕೆಡಿಸಿದರೆ, ಪೂರ್ವದ ಗುಂಪಿನ ವೈರಸ್ ಬೇರೆ ಬಗೆಯಲ್ಲಿ ಕೆಡಿಸುತ್ತದೆಂದು 2004ರ ಸಂಶೋಧನೆ ತೋರಿಸಿತು. ಮುಂಬಾಗಿಲಿಗೊಬ್ಬ, ಹಿತ್ತಲ ಬಾಗಿಲಿಗೊಬ್ಬ ಕಳ್ಳ ನಿಂತರೆ ಮನೆಯವರು ಏನು ಮಾಡಿಯಾರು?

1990ರ ದಶಕದ ಮಧ್ಯದಲ್ಲಿ ಪಶ್ಚಿಮ ಕೀನ್ಯ, ದಶಕದ ಕೊನೆಯ ಹೊತ್ತಿಗೆ ತಾಂಜಾನಿಯದ ವಾಯವ್ಯ ಭಾಗ, ಆಮೇಲೆ ರುವಾಂಡ, ಬುರುಂಡಿ, ಕಾಂಗೊಗಳಿಗೆ ಈ ಪಿಡುಗು ಹಬ್ಬಿತು. ಪೂರ್ವ-ಪಶ್ಚಿಮಗಳ ಗಡಿ ಅಳಿಸಿಹೋಯಿತು.

ಕಾಡುಗಿಡದ ನೆರವು

ಯುಗಾಂಡಾಕ್ಕೆ ಆಸರೆಯಾದದ್ದು ಅರ್ಧ ಶತಮಾನ ಹಿಂದಿನ ತಾಳ್ಮೆಯ ದುಡಿಮೆ. ತಾಂಜಾನಿಯದ ಅಮಾನಿ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲೇ ಸ್ಟೋರಿ ಮತ್ತು ನಿಕಲ್ಸ್ ಎಂಬ ವಿಜ್ಞಾನಿಗಳು ಮರಗೆಣಸನ್ನು ಅದರ ಸೋದರ ಸಂಬಂಧಿಯಾದ ಸಿಯಾರಾ ರಬ್ಬರ್ ಗಿಡದೊಂದಿಗೆ ಸಂಕರ ಮಾಡಿದ್ದರು. ಆ ಗಿಡದ ಗೆಡ್ಡೆ ತಿನ್ನಲು ಬಾರದು. ಆದರೆ ನಂಜನ್ನು ತಡೆಯುವ ಶಕ್ತಿ ಅದರಲ್ಲಿತ್ತು. ಆ ಸಂಕರದ ಸಂತತಿ ಮುಂದೆ ನೈಜೀರಿಯಾದ ಇಬಾದಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಗೆ ಹೋಗಿ, ಅಲ್ಲಿ 1970ರ ದಶಕದಲ್ಲಿ ಒಳ್ಳೆಯ ತಳಿಗಳಾಗಿ ಹೊರಬಂತು. ಅವುಗಳಲ್ಲಿ ಕೆಲವು ಯುಗಾಂಡಾದಲ್ಲಿ ನಾಸೆ-1, ನಾಸೆ-2, ನಾಸೆ-3 ಎಂಬ ಹೆಸರಿನಲ್ಲಿ ರೈತರನ್ನು ತಲುಪಿದವು. ಪಾಳುಬಿದ್ದ ಹೊಲಗಳಲ್ಲಿ ಮತ್ತೆ ಹಸಿರು ಕಂಡಿತು.

ನೈಜೀರಿಯಾದ ರೈತರ ನಾಟಿ ತಳಿಗಳಲ್ಲೂ ಬಲವಾದ ನಿರೋಧ ಶಕ್ತಿ ಇರುವುದು ಆಮೇಲೆ ತಿಳಿಯಿತು. ಅದರ ಮೂಲ ಡಿಎನ್‌ಎ ನಕಲು ಮಾಡುವ ಕಿಣ್ವವೊಂದರ ವಂಶವಾಹಿಯಲ್ಲಿನ ಸಣ್ಣ ಬದಲಾವಣೆಯೊಂದಿಗೆ ತಳುಕು ಹಾಕಿಕೊಂಡಿದೆಯೆಂದು 2022ರಲ್ಲಿ ಪ್ರಕಟವಾಯಿತು. ವೈರಸ್ಸಿಗೆ ನಕಲು ತೆಗೆಯುವ ಸ್ವಂತ ಯಂತ್ರವಿಲ್ಲ. ಗಿಡದ ಯಂತ್ರವನ್ನೇ ಕಡ ತರಬೇಕು. ಆ ಯಂತ್ರದ ಒಂದು ತಿರುಪು ಬದಲಾದರೆ ವೈರಸ್ಸಿನ ಆಟ ನಡೆಯದು ಎಂದು ಇದರಿಂದ ಊಹಿಸಬಹುದು.

ಕಥೆ ಇಲ್ಲಿಗೇ ಸುಖಾಂತವಾಗಲಿಲ್ಲ. 2004ರಲ್ಲಿ ಯುಗಾಂಡಾದಲ್ಲಿ ಕಂದುಗೀರು ರೋಗ ಎಂಬ ಬೇರೊಂದು ವೈರಸ್ ರೋಗ ಕಾಣಿಸಿಕೊಂಡಿತು. ಮೇಲೆ ಗಿಡ ಚೆನ್ನಾಗಿಯೇ ಕಾಣುತ್ತದೆ. ಗೆಡ್ಡೆ ಸೀಳಿದರೆ ಒಳಗೆ ಕಂದು ಕೊಳೆ. ಮೊಸಾಯಿಕ್ ತಡೆಯುವ ತಳಿಗಳಲ್ಲಿ ಹಲವು ಇದಕ್ಕೆ ಬಲಿಯಾದವು. ಒಂದು ರೋಗಕ್ಕೆ ಗುರಾಣಿ ಹಿಡಿದ ತಳಿ ಎಲ್ಲ ರೋಗಕ್ಕೂ ಗುರಾಣಿ ಹಿಡಿಯುತ್ತದೆಂದು ನಂಬುವಂತಿಲ್ಲ.

ನಮ್ಮ ಬಾಗಿಲಲ್ಲಿ

ಭಾರತದಲ್ಲಿ ಮರಗೆಣಸನ್ನು ಜನಪ್ರಿಯಗೊಳಿಸಿದ ಶ್ರೇಯ 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಕೇರಳದ ಬಡವರ ಹೊಟ್ಟೆ ತುಂಬಿಸಿದ್ದು ಇದೇ ಗೆಡ್ಡೆ. ಇಲ್ಲಿಯೂ ನಂಜು ಬಂತು. ಆದರೆ ಇಲ್ಲಿನ ವೈರಸ್‌ಗಳು ಆಫ್ರಿಕದವಲ್ಲ, ಈ ನೆಲದವೇ. ಒಂದು ಭಾರತೀಯ ಮರಗೆಣಸಿನ ವೈರಸ್, ಇನ್ನೊಂದು ಶ್ರೀಲಂಕಾ ಮರಗೆಣಸಿನ ವೈರಸ್. ಎರಡನೆಯದರ ಹೆಸರು ಶ್ರೀಲಂಕಾದ್ದಾದರೂ ಕೇರಳ, ತಮಿಳುನಾಡುಗಳಲ್ಲಿ ಅದು ವ್ಯಾಪಕವಾಗಿದೆ. ಒಂದೇ ಬಳೆಯಿದ್ದ ಯಾವುದೋ ವೈರಸ್, ಭಾರತೀಯ ವೈರಸ್ಸಿನ ಬಿ ಬಳೆಯನ್ನು ತನ್ನದಾಗಿಸಿಕೊಂಡು ಇದಾಗಿರಬೇಕೆಂದು 2002ರ ಅಧ್ಯಯನವೊಂದು ಸೂಚಿಸಿತು.

2015ರಲ್ಲಿ ಈ ಶ್ರೀಲಂಕಾ ವೈರಸ್ ಕಾಂಬೋಡಿಯಾದ ರತನಕಿರಿ ಪ್ರಾಂತ್ಯದಲ್ಲಿ ಸಿಕ್ಕಿತು. 2017ರಲ್ಲಿ ವಿಯೆಟ್ನಾಂ, 2018ರಲ್ಲಿ ಚೀನಾದ ದಕ್ಷಿಣ ಭಾಗ ಮತ್ತು ಥಾಯ್ಲೆಂಡ್, ಬಳಿಕ ಲಾವೋಸ್. ಥಾಯ್ಲೆಂಡ್ ಮರಗೆಣಸಿನ ಉತ್ಪನ್ನಗಳ ಅತಿ ದೊಡ್ಡ ರಫ್ತುದಾರ ದೇಶ. ಬಿಳಿನೊಣ ಇಷ್ಟು ದೂರವನ್ನು ಹಾರಿ ಕ್ರಮಿಸಲಾರದು. ನಂಜಿನ ಕಡ್ಡಿಗಳ ಸಾಗಾಟವೇ ಇದಕ್ಕೆ ಕಾರಣವೆಂದು ತಜ್ಞರು ಭಾವಿಸುತ್ತಾರೆ.

ಒಳ್ಳೆಯದೂ ಕಡಲು ದಾಟುತ್ತದೆ. ನೈಜೀರಿಯಾದಿಂದ ತರಿಸಿದ ನಂಜು ನಿರೋಧಕ ತಳಿಯೊಂದನ್ನು ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಶ್ರೀ ಪದ್ಮನಾಭ’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದೆ. ಹುಟ್ಟೂರು ಆಫ್ರಿಕ, ನಾಮಕರಣ ತಿರುವನಂತಪುರದಲ್ಲಿ!

ಇದೆಲ್ಲ ಮರಗೆಣಸಿನ ಮಾತಾಯಿತು, ನಮಗೇನು ಎನ್ನುವವರು ಕೋಲಾರದ ಟೊಮೆಟೊ ಬೆಳೆಗಾರರನ್ನು ಕೇಳಬೇಕು. ಟೊಮೆಟೊದ ಎಲೆ ಮುಟುರು ರೋಗ ತರುವುದೂ ಇದೇ ಮಿಥುನ ಕುಟುಂಬ, ಹೊರುವುದೂ ಇದೇ ಬಿಳಿನೊಣ. ಈ ವೈರಸ್‌ಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರಿದೆ, ಮತ್ತೊಂದಕ್ಕೆ ಕರ್ನಾಟಕದ ಹೆಸರೇ ಇದೆ. ಕರ್ನಾಟಕದ ಹೆಸರು ಹೊತ್ತದ್ದು ಮರುಸಂಯೋಜನೆಯಿಂದ ಹುಟ್ಟಿದ್ದೆಂದು 2002ರಲ್ಲಿ ವರದಿಯಾಯಿತು. ಅದಕ್ಕೂ ಮೊದಲು, 1999ರಲ್ಲಿ, ಕೋಲಾರದಲ್ಲಿ ಬಿ ಬಗೆಯ ಬಿಳಿನೊಣ ಪತ್ತೆಯಾಗಿತ್ತು. ಭಾರತದಲ್ಲಿ ಅದು ಮೊದಲು ಕಂಡದ್ದು ಅಲ್ಲಿ, ಮುಟುರು ರೋಗದ ದೊಡ್ಡ ಹಾವಳಿಯೊಂದಿಗೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ರೋಗ ತಡೆಯುವ ನಂದಿ, ಸಂಕ್ರಾಂತಿ, ವೈಭವ ಎಂಬ ಟೊಮೆಟೊ ತಳಿಗಳನ್ನು ಬೆಳೆಸಿ ಕೊಟ್ಟರು.

ವಿದ್ಯಾರ್ಥಿಗಳಿಗೆ ಒಂದು ಮಾತು

ವೈರಸ್ಸಿನ ಪ್ರಭೇದಗಳನ್ನು ಎಣಿಸುತ್ತ ಕೂರುವುದು ಕೆಲಸವಿಲ್ಲದವರ ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಒಂದು ಜಿಲ್ಲೆಯ ವೈರಸ್ಸಿಗೆ ಎದೆಯೊಡ್ಡುವ ತಳಿ ಪಕ್ಕದ ಜಿಲ್ಲೆಯ ವೈರಸ್ಸಿಗೆ ಮಣಿಯಬಹುದು. ಯಾವುದು ಎಲ್ಲಿದೆ ಎಂಬ ನಕ್ಷೆ ಇಲ್ಲದೆ ಯಾವ ಬೀಜ ಯಾರಿಗೆ ಕೊಡಬೇಕೆಂದು ನಿರ್ಧರಿಸುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಯುಗಾಂಡಾದಲ್ಲಿ ಚಿಪ್ಪನ್ನಷ್ಟೇ ನೋಡಿದಾಗ ಸಿಕ್ಕಿದ್ದು ಹಳೆಯ ಹೆಸರು. ಒಳಗಿನ ಅಕ್ಷರ ಓದಿದಾಗ ಸಿಕ್ಕಿದ್ದು ನಿಜವಾದ ಶತ್ರು.

ಇಂದು ಈ ಕೆಲಸಕ್ಕೆ ಹೊಲ ಸುತ್ತುವ ಕಾಲು, ಪ್ರಯೋಗಾಲಯದಲ್ಲಿ ಪಳಗಿದ ಕೈ, ಲಕ್ಷಾಂತರ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಬಲ್ಲ ತಲೆ, ಮೂರೂ ಬೇಕು. ಜೀವಶಾಸ್ತ್ರವನ್ನು ಪ್ರೀತಿಸುವ ಆದರೆ ವೈದ್ಯರಾಗುವ ಮನಸ್ಸಿಲ್ಲದ ಮಕ್ಕಳಿಗೆ, ಗಣಿತದಲ್ಲಿ ಚುರುಕಾಗಿದ್ದು ಮಣ್ಣಿನ ನಂಟು ಬಿಡಲೊಲ್ಲದ ಮಕ್ಕಳಿಗೆ ಕೃಷಿ ಪದವಿಯ ನಂತರದ ಸಸ್ಯರೋಗ ಶಾಸ್ತ್ರ ಒಳ್ಳೆಯ ದಾರಿ. ತಂದೆತಾಯಿಯರು ಇದನ್ನು ಎರಡನೆಯ ದರ್ಜೆಯ ಆಯ್ಕೆಯೆಂದು ತಳ್ಳಿಹಾಕಬೇಕಿಲ್ಲ.

ಮನೆಯವರೆಲ್ಲರೂ ಪಾಲಿಸಬಹುದಾದ ಸಣ್ಣ ನಿಯಮವೂ ಒಂದಿದೆ. ಪ್ರವಾಸ ಹೋದಲ್ಲಿ ಕಣ್ಣಿಗೆ ಚೆಂದ ಕಂಡಿತೆಂದು ಗಿಡದ ಕಡ್ಡಿ, ಗೆಡ್ಡೆ, ಸಸಿಗಳನ್ನು ಚೀಲಕ್ಕೆ ಹಾಕಿಕೊಂಡು ಬರಬೇಡಿ. ಬೇರೆ ದೇಶದಿಂದಂತೂ ಕೂಡದೇ ಕೂಡದು. ನೆಡುವ ಕಡ್ಡಿಯನ್ನು ರೋಗವಿಲ್ಲದ ತಾಯಿಗಿಡದಿಂದಲೇ ಆರಿಸಿ. ಹಿತ್ತಲಲ್ಲಿ ಟೊಮೆಟೊ ಅಥವಾ ಮೆಣಸಿನ ಗಿಡವಿದ್ದರೆ ನಾಳೆ ಬೆಳಿಗ್ಗೆ ಅದರ ಎಲೆಯನ್ನೊಮ್ಮೆ ಮಗುಚಿ ನೋಡಿ. ಬಿಳಿಯ ಪುಟ್ಟ ಕೀಟಗಳು ಬೂದಿಯಂತೆ ಎದ್ದರೆ, ಚಿಗುರು ಮುದುಡಿ ಹಳದಿಯಾಗಿದ್ದರೆ, ಆ ಗಿಡವನ್ನು ಕಿತ್ತು ಸುಟ್ಟುಬಿಡಿ. ಪಕ್ಕದ ಗಿಡ ಉಳಿದೀತು.